ಬ್ಲ್ಯಾಕ್ ಟಿಕೆಟ್ ಕೊಂಡು ಹೈದರಾಬಾದಿಗೆ ಹೊರಡುವ ಮುನ್ನ

ಬೀದರ್ ಜಿಲ್ಲೆಯ ಕಮಲನಗರದ ಹುಡುಗರಿಗೆ ದೊಡ್ಡ ಗಾಯಕರ ಕಾರ್ಯಕ್ರಮ ಎಂದರೆ ಹೈದರಾಬಾದ್, ಹತ್ತಿರ ಹತ್ತಿರ 200 ಕಿ.ಮೀ. ದಾರಿ. ಇಲ್ಲವೆ ಭಾಲ್ಕಿಯಲ್ಲೋ ಉದಗೀರದಲ್ಲೋ ರೈಲು ಹತ್ತಿ ಮುಂಬಯಿ. ಟಿಕೆಟ್ ಸುಳ್ಳಾದರೆ ಬೆಂಗಳೂರಿನವರು ಆಟೊ ಹಿಡಿದು ಮನೆಗೆ ಹೋಗುತ್ತಾರೆ. ನಮ್ಮ ಕಡೆಯವರಿಗೆ ಟಿಕೆಟ್ಟಿನ ಜೊತೆ ಗಾಡಿ ಬಾಡಿಗೆ, ವಸತಿ, ಎರಡು ದಿನದ ದುಡಿಮೆ ಎಲ್ಲವೂ ಹೋದಂತೆ. ಹಾಗಾಗಿ ಕೈಯಿಂದ ಕೈಗೆ ಮಾರಾಟವಾಗುವ ಟಿಕೆಟ್ಟಿನ ವ್ಯವಹಾರವನ್ನು ನಾವು ಸ್ವಲ್ಪ ಹೆಚ್ಚೇ ತಿಳಿದಿರಬೇಕು.

ಕೋಲ್ಡ್‌ಪ್ಲೇ ತಂಡದ ಕಥೆಯನ್ನೇ ನೋಡಿ. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದ ಕಾರ್ಯಕ್ರಮಗಳಿಗೆ 2024ರ ಸೆಪ್ಟೆಂಬರ್ 22ರಂದು ಬುಕ್‌ಮೈಶೋದಲ್ಲಿ ಮಾರಾಟ ಶುರುವಾಯಿತು. ದರ 2,500 ರೂಪಾಯಿಯಿಂದ 35,000ದವರೆಗೆ. ಕೋಟಿಗೂ ಹೆಚ್ಚು ಜನ ಮುಗಿಬಿದ್ದರು, ಸ್ವಲ್ಪ ಹೊತ್ತಿನಲ್ಲೇ ಎಲ್ಲ ಖಾಲಿ. ಅದರ ಬೆನ್ನಿಗೇ ವಯಾಗೊಗೊದಂಥ ವಿದೇಶಿ ಮರುಮಾರಾಟ ತಾಣಗಳಲ್ಲಿ ಅದೇ ಕಾರ್ಯಕ್ರಮದ ಟಿಕೆಟ್ಟಿಗೆ ಲಕ್ಷಗಳ ಬೆಲೆ ಕಾಣಿಸಿತು. ಈ ತಾಣಗಳಿಗೂ ತನಗೂ ಸಂಬಂಧವಿಲ್ಲ, ಅಲ್ಲಿ ಕೊಂಡದ್ದು ನಕಲಿಯಾಗಿರಬಹುದು ಎಂದು ಬುಕ್‌ಮೈಶೋ ಹೇಳಿತು, ಪೊಲೀಸರಿಗೆ ದೂರನ್ನೂ ಕೊಟ್ಟಿತು. ಇದರ ಜೊತೆಗೆ ಗಾಯಕ ದಿಲ್ಜಿತ್ ದೋಸಾಂಜ್ ಕಾರ್ಯಕ್ರಮಗಳ ಟಿಕೆಟ್ ದಂಧೆಯನ್ನೂ ಸೇರಿಸಿ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಶೋಧ ನಡೆಸಿತು. ವಾಟ್ಸಾಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಲ್ಲಿ ನಕಲಿ ಟಿಕೆಟ್ ಹಂಚಿಕೆಯಾಗಿರುವುದು ಆಗ ಹೊರಬಿತ್ತು.

ಅಷ್ಟು ಬೇಗ ಈ ಮರುಮಾರಾಟಗಾರರ ಕೈಗೆ ಟಿಕೆಟ್ ಬಂದದ್ದಾದರೂ ಹೇಗೆ? ಎಷ್ಟೋ ಸಲ ಬಂದಿರುವುದೇ ಇಲ್ಲ. ಮೊದಲು ನಿಮ್ಮಿಂದ ಹಣ ತೆಗೆದುಕೊಂಡು, ಆಮೇಲೆ ಎಲ್ಲಾದರೂ ಅಗ್ಗಕ್ಕೆ ಸಿಕ್ಕರೆ ಕೊಂಡುಕೊಡುವುದು, ಸಿಗದಿದ್ದರೆ ಕೈ ಎತ್ತುವುದು. ಇದು ಇಲ್ಲದ ಮಾಲಿನ ವ್ಯಾಪಾರ. ಇನ್ನೊಂದು ಇನ್ನೂ ಸರಳ: ನಿಜವಾದ ಒಂದೇ ಟಿಕೆಟ್ಟಿನ ಪಿಡಿಎಫ್ ಅನ್ನು ಹತ್ತು ಜನರಿಗೆ ಮಾರುವುದು. ಹತ್ತೂ ಜನರ ಮೊಬೈಲಿನಲ್ಲಿರುವುದು ಅಸಲಿ ಕ್ಯೂಆರ್ ಕೋಡೇ. ಆದರೆ ಗೇಟಿನ ಯಂತ್ರ ಮೊದಲು ಬಂದವನನ್ನು ಒಳಗೆ ಬಿಟ್ಟು, ಉಳಿದ ಒಂಬತ್ತು ಜನರಿಗೆ ‘ಈಗಾಗಲೇ ಬಳಸಲಾಗಿದೆ’ ಎನ್ನುತ್ತದೆ.

ಮಾರುವವರು ಕಳಿಸುವ ಸಂದೇಶದ ಧಾಟಿಯನ್ನೂ ಗಮನಿಸಿ. “ಅಣ್ಣಾ, ಎರಡು ಸಿಲ್ವರ್ ಅದಾವ್ರಿ. ಅವ್ವಗ ಆರಾಮಿಲ್ಲ, ನಾ ಹೋಗಂಗಿಲ್ಲ. ಕೊಂಡ ರೇಟಿಗೇ ಕೊಡ್ತೀನಿ, ಅರ್ಧ ರೊಕ್ಕ ಈಗ ಹಾಕ್ರಿ, ಇನ್ನೊಬ್ರು ಕೇಳಾಕತ್ಯಾರ.” ಇದರ ಜೊತೆ ಟಿಕೆಟ್ಟಿನ ಸ್ಕ್ರೀನ್‌ಶಾಟ್, ಆಧಾರ್ ಕಾರ್ಡಿನ ಫೋಟೊ. ಆ ಆಧಾರ್ ಬೇರೆ ಯಾರದೋ ಇರಬಹುದು. ಲಕ್ಷ ಕೇಳುವವನಿಗಿಂತ ಕೊಂಡ ರೇಟಿಗೇ ಕೊಡುತ್ತೇನೆ ಎನ್ನುವವನೇ ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಅವನ ಮೇಲೆ ಅನುಮಾನವೇ ಬರುವುದಿಲ್ಲ.

ಹಾಗಾದರೆ ನಂಬುವುದು ಯಾವುದನ್ನು? ಟಿಕೆಟ್ ಎಂದರೆ ಚಿತ್ರವಲ್ಲ, ಮಾರಿದ ಕಂಪನಿಯ ಲೆಕ್ಕದಲ್ಲಿರುವ ಒಂದು ನಮೂದು. ಆ ನಮೂದು ನಿಮ್ಮ ಮೊಬೈಲ್ ನಂಬರಿಗೆ ಬದಲಾದರೆ ಮಾತ್ರ ಟಿಕೆಟ್ ನಿಮ್ಮದು. ಕೆಲವು ಕಾರ್ಯಕ್ರಮಗಳಿಗೆ ಆ್ಯಪ್ ಒಳಗೇ ವರ್ಗಾವಣೆ ಇರುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಜೊಮ್ಯಾಟೊ ಪ್ರಕಟಿಸಿದ ಮರುಮಾರಾಟದ ಏರ್ಪಾಡು ಇಂಥದ್ದೇ: ಮಾರಿದವನ ಟಿಕೆಟ್ ರದ್ದಾಗಿ, ಕೊಂಡವನಿಗೆ ಹೊಸದು ಸಿಗುತ್ತದೆ. ಇಂಥ ದಾರಿ ಇದೆಯೇ ಎಂದು ಮೊದಲು ಆ ಕಾರ್ಯಕ್ರಮದ ಷರತ್ತುಗಳಲ್ಲಿ ಓದಿ. ಗುರುತಿನ ಚೀಟಿ ಕಡ್ಡಾಯ, ವರ್ಗಾವಣೆ ಇಲ್ಲ ಎಂದಿದ್ದರೆ ಮಾರುವವನು ಸತ್ಯವಂತನಾದರೂ ನೀವು ಗೇಟಿನಲ್ಲಿ ಸಿಕ್ಕಿಬೀಳಬಹುದು. ಪ್ರವೇಶದ ಕೈಪಟ್ಟಿ ಕೊರಿಯರಿನಲ್ಲಿ ಬರುವ ಕಾರ್ಯಕ್ರಮವಾದರೆ, ಪಟ್ಟಿ ಕೈಗೆ ಬರುವ ತನಕ ಹಣ ಕೊಡಬೇಡಿ. ಹಣ ವಾಪಸ್ ಹಾಕುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ.

ಕಾನೂನು ಕಾಪಾಡುತ್ತದೆ ಎಂದು ಕೂರುವಂತಿಲ್ಲ. ರೈಲು ಟಿಕೆಟ್ಟನ್ನು ಅನಧಿಕೃತವಾಗಿ ಮಾರುವ ದಂಧೆಗೆ 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ಅಂಥ ಕೇಂದ್ರ ಕಾನೂನಿಲ್ಲ. ಆನ್‌ಲೈನ್ ಬ್ಲ್ಯಾಕ್ ಮಾರಾಟ ತಡೆಯಿರಿ ಎಂಬ ಅರ್ಜಿಯನ್ನು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ವಜಾ ಮಾಡಿತು. ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದಿತು. ಆದರೆ ನಕಲಿ ಟಿಕೆಟ್ ಮಾರಿದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ.

ಟಿಕೆಟ್ ಸಿಗದವರಿಗೆ ಅವಸರವೇ ಶತ್ರು. ಕೋಲ್ಡ್‌ಪ್ಲೇ ಮುಂಬಯಿಯಲ್ಲಿ ಮೂರನೆಯ ದಿನ ಸೇರಿಸಿತು, ಆಮೇಲೆ ಅಹಮದಾಬಾದಿನಲ್ಲಿ ಎರಡು ಕಾರ್ಯಕ್ರಮ. ಜನವರಿ 26ರದ್ದನ್ನು ಹಾಟ್‌ಸ್ಟಾರ್ ನೇರ ಪ್ರಸಾರ ಮಾಡಿತು. ಲಕ್ಷಕ್ಕೆ ಕೈ ಹಾಕದೆ ಕಾದವರು ಮನೆಯಲ್ಲೇ ಕೂತು ನೋಡಿದರು.

ಮೋಸ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶವಿರುತ್ತದೆ. ಯುಪಿಐ ವಹಿವಾಟಿನ ಸಂಖ್ಯೆ, ಚಾಟ್, ಮಾರಿದವನ ನಂಬರ್ ಅಳಿಸದೆ ಇಟ್ಟುಕೊಳ್ಳಿ. ಕಂಪನಿಯ ತಪ್ಪಾದರೆ ಗ್ರಾಹಕ ಸಹಾಯವಾಣಿ 1915. ನಾಚಿಕೆಯಿಂದ ಮನೆಯವರಿಗೆ ಹೇಳದೆ ಎರಡು ದಿನ ಕಳೆದು ಠಾಣೆಗೆ ಹೋಗಬೇಡಿ.