ಪ್ಯಾಲೆಟ್ ಮರ ಅಗ್ಗ, ಕೂಲಿ ಅಗ್ಗವಲ್ಲ



ಹೊಸೂರಿನ ಸಿಪ್‌ಕಾಟ್ ಕಡೆ ಹೋಗಿಬರುವವರು ಕಾರ್ಖಾನೆಗಳ ಹಿಂಬದಿಯಲ್ಲಿ ಮರದ ಚೌಕಟ್ಟುಗಳ ರಾಶಿ ನೋಡಿರುತ್ತೀರಿ. ಯಂತ್ರದ ಬಿಡಿಭಾಗಗಳನ್ನು ಇದರ ಮೇಲಿಟ್ಟು, ಫೋರ್ಕ್‌ಲಿಫ್ಟ್ ಗಾಡಿಯ ಎರಡು ಕೊಂಬಿನಿಂದ ಎತ್ತಿ ಲಾರಿಗೆ ಹಾಕುತ್ತಾರೆ. ಇದೇ ಪ್ಯಾಲೆಟ್. ಮುರಿದ ಮೇಲೆ ಗುಜರಿ ಅಂಗಡಿಗೆ, ಅಂದರೆ ನಮ್ಮ ತಮಿಳು ನೆರೆಯವರ ಕಾಯಲಾಂಕಡೆಗೆ ಹೋಗುತ್ತದೆ. ಅಲ್ಲಿಂದ ಎಷ್ಟೋ ಸಲ ಒಲೆಗೆ. ಈ ಮರದಿಂದ ಒಂದು ಸಣ್ಣ ಕಸುಬು ನಡೆಸಬಹುದೇ? ನಡೆಸಬಹುದು. ಆದರೆ ಮೂರು ವಿಷಯ ತಿಳಿದಿರಬೇಕು.

ಮೊದಲನೆಯದು, ಗುರುತು ಓದುವುದು. ಹೊರದೇಶಕ್ಕೆ ಹೋಗಿಬರುವ ಪ್ಯಾಲೆಟ್ಟಿನ ಮೇಲೆ ಗೋಧಿ ತೆನೆಯ ಚಿತ್ರವಿರುವ ಒಂದು ಮುದ್ರೆ ಇರುತ್ತದೆ. ಮರದ ಜೊತೆ ಹುಳು ದೇಶ ದಾಟಬಾರದೆಂದು 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮ ಇದು. ಮುದ್ರೆಯಲ್ಲಿ ಇಂಗ್ಲಿಷಿನ ಎಚ್, ಟಿ ಅಕ್ಷರಗಳಿದ್ದರೆ ಮರವನ್ನು ಬಿಸಿ ಮಾಡಿದ್ದಾರೆ ಎಂದರ್ಥ: ಮರದ ತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಇದ್ದಿರಬೇಕು. ಎಂ, ಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟಿದ್ದಾರೆ. ಅಂಥದ್ದನ್ನು ಮನೆಯ ಕೆಲಸಕ್ಕೆ ತರಬೇಡಿ. ದೇಶದೊಳಗೇ ಓಡಾಡುವ ಪ್ಯಾಲೆಟ್ಟಿಗೆ ಈ ಮುದ್ರೆ ಕಡ್ಡಾಯವಲ್ಲ. ಆಗ ಅದರ ಮೇಲೆ ಏನು ಸಾಗಿಸುತ್ತಿದ್ದರೆಂದು ಕೇಳಿಯೇ ಕೊಳ್ಳಿ. ಎಣ್ಣೆ ಕಲೆ, ಔಷಧಿ ವಾಸನೆ ಇದ್ದರೆ ಬೇಡ.

ಮುದ್ರೆ ಒಳ್ಳೆಯದಿದ್ದರೂ ತೊಟ್ಟಿಲು, ಅಡುಗೆ ಮಣೆ, ರೇಷ್ಮೆ ಹುಳುವಿನ ತಟ್ಟೆಗೆ ಈ ಮರ ಬೇಡವೇ ಬೇಡ. ನಮಗೆ ವಾಸನೆಯೂ ತಿಳಿಯದಷ್ಟು ಔಷಧಿ ರೇಷ್ಮೆ ಹುಳುವನ್ನು ಕೊಲ್ಲಬಲ್ಲದು. ಇನ್ನು ನೀಲಿ ಬಣ್ಣ ಬಳಿದ ಪ್ಯಾಲೆಟ್ಟುಗಳು ಸಾಮಾನ್ಯವಾಗಿ ಬಾಡಿಗೆಯವು. ಮಾರುವವನಿಗೇ ಅದರ ಮೇಲೆ ಹಕ್ಕಿರುವುದಿಲ್ಲ. ಏನೇ ಕೊಂಡರೂ ರಸೀದಿ ಕೇಳಿ ಪಡೆಯಿರಿ.

ಎರಡನೆಯದು, ಬಿಚ್ಚುವ ಕೆಲಸ. ಪ್ಯಾಲೆಟ್ ಮೊಳೆಗಳಿಗೆ ಸಾಮಾನ್ಯವಾಗಿ ತಿರುಪಿನಂತೆ ಸುರುಳಿ ಇರುತ್ತದೆ. ಸುತ್ತಿಗೆಯಿಂದ ಬಡಿದು ಎಬ್ಬಿಸಲು ಹೋದರೆ ಹಲಗೆಯ ತುದಿ ಸೀಳುತ್ತದೆ. ಹಲಗೆಗೂ ಅಡಿಪಟ್ಟಿಗೂ ನಡುವೆ ಕಬ್ಬಿಣ ಕೊಯ್ಯುವ ಬ್ಲೇಡು ತೂರಿಸಿ ಮೊಳೆಯನ್ನೇ ಕತ್ತರಿಸುವುದು ಜಾಣತನ. ಹಲಗೆಯಲ್ಲಿ ಉಳಿದ ತುಂಡನ್ನು ಹೊಡೆದು ತೆಗೆಯದೆ ತೋಪಡಾ ಹಾಕಿದಿರೋ, ಅದರ ಬಾಯಿ ಹೋಯಿತು.

ಮೂರನೆಯದು ಲೆಕ್ಕ. ಇದು ನನ್ನ ಕಸುಬಿನ ಮಾತು.

ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಒಬ್ಬ ಬಡಗಿ ಸಾಲ ಪಡೆದು ಗುಜರಿ ಮರದ ಬೆಂಚು ಮಾಡತೊಡಗಿದ. ಬೆಂಚುಗಳೆಲ್ಲ ಮಾರಾಟವಾದವು, ಸಾಲ ಮಾತ್ರ ಸುಸ್ತಿಯಾಯಿತು. "ಮರ ಬಿಟ್ಟಿ ಸಿಕ್ಕ ಹಾಗೆ ಸಿಕ್ಕಿತು ಸ್ವಾಮಿ, ದುಡ್ಡು ಎಲ್ಲಿ ಹೋಯಿತು?" ಎಂದು ಕೇಳಿದ. ಅವನ ನೋಟೀಸನ್ನು ಬರೆದವನು ನಾನೇ. ಅರ್ಜಿ ತುಂಬಿಕೊಟ್ಟ ದಿನವೇ ಎರಡು ಸಾಲು ಲೆಕ್ಕ ಹೇಳಿಕೊಡಬಹುದಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂದು ಹೇಳದ ಲೆಕ್ಕವನ್ನು ಇಂದು ನಿಮಗೆ ಹೇಳುತ್ತೇನೆ.

ಉದಾಹರಣೆಗೆ ಇಟ್ಟುಕೊಳ್ಳಿ. ಒಂದು ಬೆಂಚಿಗೆ ಎರಡು ಪ್ಯಾಲೆಟ್, 300 ರೂಪಾಯಿ. ಗಾಡಿ ಬಾಡಿಗೆ 60. ತಿರುಪು, ಉಪ್ಪುಕಾಗದ, ಪಾಲಿಶ್, ಕರೆಂಟು ಸೇರಿ 210. ಒಟ್ಟು 570. ಬೆಂಚು 1,500ಕ್ಕೆ ಹೋಯಿತು. 930 ಉಳಿಯಿತೆಂದು ಖುಷಿ! ಆದರೆ ಬಿಚ್ಚಿ, ಉಜ್ಜಿ, ಜೋಡಿಸಲು ಒಂದೂವರೆ ದಿನ ಹಿಡಿಯಿತು. ದಿನಕ್ಕೆ 800ರಂತೆ ನಿಮ್ಮ ಕೂಲಿಯೇ 1,200. ಅಂದರೆ 270 ರೂಪಾಯಿ ಕೈಯಿಂದ ಹೋಯಿತು.

ಹಾಗಾದರೆ ಏನು ಮಾಡಬೇಕು? ಆದಷ್ಟು ಬಿಚ್ಚದೆ ಮಾಡುವ ವಸ್ತು ಹುಡುಕಬೇಕು. ನಮ್ಮ ಬಾಗಲೂರು, ಡೆಂಕಣಿಕೋಟೆ ಕಡೆ ಗುಲಾಬಿ ಬೆಳೆಯುವವರಿದ್ದಾರೆ, ನರ್ಸರಿಗಳಿವೆ. ಇಡೀ ಪ್ಯಾಲೆಟ್ಟಿಗೆ ನಾಲ್ಕು ಕಾಲು ಕೊಟ್ಟರೆ ಕುಂಡ ಇಡುವ ಮಣೆ. ಪ್ಯಾಲೆಟ್ 150, ಗಾಡಿ 30, ಕಾಲು ಮತ್ತು ತಿರುಪಿಗೆ 40, ಎರಡು ಗಂಟೆಯ ಕೂಲಿ 200, ಒಟ್ಟು 420. ಅದು 550ಕ್ಕೆ ಹೋದರೂ ಕೂಲಿ ಕಳೆದು 130 ಲಾಭ. ಗೊಬ್ಬರ, ಆಲೂಗಡ್ಡೆ ಮೂಟೆಗಳನ್ನು ನೆಲದ ತೇವದಿಂದ ಕಾಯುವ ಅಟ್ಟಣೆ, ಕೋಳಿಗೂಡಿನ ಪಕ್ಕದ ಗೋಡೆ, ಅಂಗಡಿಯ ಹೊರಗಿನ ತರಕಾರಿ ಬುಟ್ಟಿಯ ಮೆಟ್ಟಿಲು, ಇವೂ ಅಂಥವೇ. ನೋಡಲು ಚೆಂದದ ಬೆಂಚು, ಟೀಪಾಯಿಗಳನ್ನು ಮುಂಗಡ ಕೊಟ್ಟವರಿಗೆ ಮಾತ್ರ ಮಾಡಿಕೊಡಿ. ಆ ಬೆಲೆಯಲ್ಲಿ ನಿಮ್ಮ ದಿನಗೂಲಿ ಸೇರಿರಲಿ.

ಬಂಡವಾಳ ಬೇಕೆಂದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆ ಇದೆ. ಅದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಆಸ್ತಿ ಅಡವಿಲ್ಲದೆ ಸಾಲ ಸಿಗುತ್ತದೆ. ಆದರೆ ಮೊದಲು ಹತ್ತು ವಸ್ತು ಮಾಡಿ, ಮಾರಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ, ನಿಮಗೆ ಬರುವ ಅಕ್ಷರದಲ್ಲಿ ಬರೆಯಿರಿ. ಅಂಕಿಗೆ ಭಾಷೆಯ ಗಡಿಯಿಲ್ಲ. ಆ ಪುಸ್ತಕದ ಮೊದಲ ಸಾಲಿನಲ್ಲಿ ಮರದ ಬೆಲೆಗೂ ಮುಂಚೆ ನಿಮ್ಮ ಕೂಲಿ ಇರಲಿ.