ಕಡಲ ದಂಡೆಯನ್ನು ಅಳೆಯುವ ಬಗೆ

ಭೂಪಟದಲ್ಲಿ ಕರಾವಳಿಯು ಒಂದು ಸ್ಥಿರವಾದ ಗೆರೆ. ಮರಳ ದಂಡೆಯ ಮೇಲೆ ನಿಂತು ನೋಡುವವರಿಗಾದರೋ ಅಂತಹ ಗೆರೆಯೊಂದು ಎಲ್ಲಿಯೂ ಕಾಣಿಸದು. ಮಳೆಗಾಲದ ಉಗ್ರವಾದ ಅಲೆಗಳು ದಂಡೆಯ ಮರಳನ್ನು ಕೆರೆದೊಯ್ದು ಸಮೀಪದ ಕಡಲತಳದಲ್ಲಿ ದಿಣ್ಣೆಯಾಗಿ ಒಟ್ಟುತ್ತವೆ. ಮಳೆ ನಿಂತ ಮೇಲೆ ಬರುವ ಸೌಮ್ಯವಾದ ಅಲೆಗಳು ಅದನ್ನೇ ಮೆಲ್ಲಮೆಲ್ಲನೆ ದಡಕ್ಕೆ ಹಿಂದಕ್ಕೆ ತರುತ್ತವೆ. ಹೋದ ಮರಳೆಲ್ಲವೂ ಹಿಂದಿರುಗಿತೇ ಇಲ್ಲವೇ ಎಂಬುದು ಕರಾವಳಿಯ ಜನರ ಪಾಲಿಗೆ ಮನೆ ತೋಟಗಳ ಅಳಿವು ಉಳಿವಿನ ಪ್ರಶ್ನೆ.

ಮಂಗಳೂರಿನ ಬಳಿ ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಅಳಿವೆಯ ಉತ್ತರಕ್ಕೆ ಬೆಂಗರೆ, ದಕ್ಷಿಣಕ್ಕೆ ಉಳ್ಳಾಲ. ಉಳ್ಳಾಲದ ದಂಡೆಯಲ್ಲಿ ಎಷ್ಟೋ ಮನೆಗಳೂ ತೆಂಗಿನ ಮರಗಳೂ ಕಡಲ ಪಾಲಾಗಿವೆ. ಇಂತಹ ಸ್ಥಳದಲ್ಲಿ ವಿದ್ಯಾರ್ಥಿಗಳು ಕ್ಷೇತ್ರಾಧ್ಯಯನವನ್ನು ಹೇಗೆ ನಡೆಸಬಹುದೆಂಬುದನ್ನು ಈಗ ವಿಚಾರಮಾಡೋಣ.

ಮೊದಲು ಬೇಕಾದುದು ಒಂದು ಸ್ಪಷ್ಟವಾದ ಪ್ರಶ್ನೆ. ಕಡಲನ್ನು ನೋಡಿಬರುವುದು ವಿಹಾರ. ಅಳಿವೆಯಿಂದ ದೂರ ಸರಿದಂತೆ ದಂಡೆಯ ಇಳಿಜಾರು ಹೇಗೆ ಬದಲಾಗುವುದೆಂದು ಕೇಳುವುದು ಅಧ್ಯಯನ. ಎರಡನೆಯದಾಗಿ ಕಾಲದ ಆಯ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಅಪಾಯಕರ. ಆದುದರಿಂದ ಮೇ ತಿಂಗಳ ಆದಿಯಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಕಡಲು ಶಾಂತವಾದ ಬಳಿಕ ಮತ್ತೊಮ್ಮೆ ಅಳೆಯುವುದು ಲೇಸು. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರಕಟಿಸುವ ಭರತ-ಇಳಿತಗಳ ಕೋಷ್ಟಕವನ್ನು ನೋಡಿ, ಇಳಿತಕ್ಕೆ ಎರಡು ಗಂಟೆ ಮೊದಲೇ ಕೆಲಸವನ್ನು ಆರಂಭಿಸಬೇಕು.

ಅಳತೆಗೆ ದುಬಾರಿ ಉಪಕರಣಗಳೇನೂ ಬೇಡ. ಕೆ. ಓ. ಎಮೆರಿ ಎಂಬ ಅಮೆರಿಕದ ಕಡಲವಿಜ್ಞಾನಿಯು 1961ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಸಮಾನ ಎತ್ತರದ ಎರಡು ಕೋಲುಗಳು ಸಾಕು. ಒಂದೂವರೆ ಮೀಟರ್ ಉದ್ದದ ಕೋಲುಗಳ ಮೇಲೆ ತುದಿಯಿಂದ ಕೆಳಮುಖವಾಗಿ ಸೆಂಟಿಮೀಟರ್ ಗುರುತುಗಳನ್ನು ಹಾಕಿ, ಅವನ್ನು 2 ಮೀಟರ್ ಅಂತರದಲ್ಲಿ ನೆಟ್ಟಗೆ ಹಿಡಿಯಬೇಕು. ದಡದ ಕಡೆ ನಿಂತವನು ಕಡಲ ಕಡೆಯ ಕೋಲಿನ ತುದಿಯನ್ನು ದಿಗಂತದೊಡನೆ ಒಂದೇ ಗೆರೆಯಲ್ಲಿ ಕಾಣುವಂತೆ ನೋಡಿದಾಗ, ಆ ಗೆರೆಯು ತನ್ನ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಮುಟ್ಟುವುದೋ ಅಷ್ಟೇ ನೆಲದ ಇಳಿತ. ನೆಲವು ಕಡಲ ಕಡೆಗೆ ಏರಿದ್ದರೆ ತನ್ನ ಕೋಲಿನ ತುದಿಯಿಂದ ದಿಗಂತವನ್ನು ನೋಡಿ, ಎದುರಿನ ಕೋಲಿನ ಅಂಕವನ್ನು ಓದಬೇಕು. ಅಲೆಗಳು ತಲಪದ ಒಂದು ಸ್ಥಿರವಾದ ಗುರುತಿನಿಂದ ಹೊರಟು ನೀರಿನ ಅಂಚಿನವರೆಗೂ ಹೀಗೆಯೇ ಅಳೆದು, ಅಂಕಗಳನ್ನು ಕೂಡಿಸಿದರೆ ದಂಡೆಯ ಅಡ್ಡಚಿತ್ರವು ದೊರೆಯುತ್ತದೆ.

ಒಂದೇ ರೇಖೆಯ ಎರಡು ಚಿತ್ರಗಳನ್ನು ಹೋಲಿಸಿದಾಗ, 40 ಮೀಟರ್ ಅಗಲದ ದಂಡೆಯು ಸರಾಸರಿ ಅರ್ಧ ಮೀಟರ್ ತಗ್ಗಿದೆಯೆಂದು ಇಟ್ಟುಕೊಳ್ಳೋಣ. ದಂಡೆಯ ಉದ್ದದ ಪ್ರತಿಯೊಂದು ಮೀಟರಿಗೂ 20 ಘನಮೀಟರ್ ಮರಳು ಹೋದಂತಾಯಿತು. ಆದರೆ ಮೇ ಮತ್ತು ಅಕ್ಟೋಬರ್‌ಗಳ ವ್ಯತ್ಯಾಸವು ಋತುಧರ್ಮವನ್ನಷ್ಟೇ ತಿಳಿಸುತ್ತದೆ. ಶಾಶ್ವತವಾದ ನಷ್ಟವನ್ನು ಅರಿಯಬೇಕಾದರೆ ಒಂದು ಮೇ ತಿಂಗಳನ್ನು ಮರುವರ್ಷದ ಮೇ ತಿಂಗಳಿನೊಡನೆ, ಹೀಗೆ ಹಲವು ವರ್ಷ, ಹೋಲಿಸಬೇಕು.

ಮರಳು ದಂಡೆಯುದ್ದಕ್ಕೂ ಸಾಗುತ್ತದೆ. ಒಂದು ಕಿತ್ತಳೆಹಣ್ಣನ್ನು ಅಲೆಗಳು ಒಡೆಯುವೆಡೆಗೆ ಎಸೆದು, ಅದು 5 ನಿಮಿಷಗಳಲ್ಲಿ ಯಾವ ದಿಕ್ಕಿಗೆ ಎಷ್ಟು ದೂರ ತೇಲಿತೆಂಬುದನ್ನು ಮೂರು ಸಲ ಅಳೆದರೆ ಅಂದಿನ ಪ್ರವಾಹದ ಗತಿ ತಿಳಿಯುತ್ತದೆ. ಇದನ್ನೇ ವರ್ಷವಿಡೀ ಇರುವ ಗತಿಯೆಂದು ಭಾವಿಸಲಾಗದು. ಅಲೆಗಳ ದಿಕ್ಕು ಬದಲಾದರೆ ಮರಳಿನ ನಡೆಯೂ ಬದಲಾಗುತ್ತದೆ. ಈ ನಡೆಗೆ ಕಲ್ಲಿನ ಕಟ್ಟೆಯೊಂದು ಅಡ್ಡವಾದರೆ ಒಂದು ಮಗ್ಗುಲಲ್ಲಿ ಮರಳು ಶೇಖರವಾಗಿ, ಇನ್ನೊಂದು ಮಗ್ಗುಲು ಬರಿದಾಗುತ್ತದೆ. ಅಳಿವೆಯ ಎರಡು ದಂಡೆಗಳನ್ನೂ ಅಳೆಯಬೇಕಾದುದು ಇದರಿಂದಲೇ.

ಎಚ್ಚರಿಕೆಯ ಮಾತೊಂದುಂಟು. ಯಾರೂ ಮೊಣಕಾಲುದ್ದಕ್ಕಿಂತ ಆಳದ ನೀರಿಗೆ ಇಳಿಯಬಾರದು. ಕಡಲಿಗೆ ಬೆನ್ನು ಮಾಡಿ ನಿಲ್ಲಬಾರದು. ಅಲೆಗಳನ್ನು ಗಮನಿಸುವುದಕ್ಕೆಂದೇ ಒಬ್ಬರನ್ನು ನೇಮಿಸಬೇಕು. ಬೆಸ್ತರು ಕೈರಂಪಣಿ ಬಲೆಯನ್ನು ಎಳೆಯುತ್ತಿದ್ದರೆ ಅವರ ಹಾದಿಗೆ ಅಡ್ಡವಾಗಬಾರದು. ಕೆಲಸ ಮುಗಿದ ಮೇಲೆ ಅಲ್ಲಿಯ ಹಿರಿಯರನ್ನು ಕಂಡು, ಹಿಂದೆ ತೆಂಗಿನ ಸಾಲು ಎಲ್ಲಿಯವರೆಗೆ ಇತ್ತೆಂದು ಕೇಳಿ ಬರೆದುಕೊಳ್ಳಬೇಕು. ನಮ್ಮ ಕೋಲುಗಳು ಅಳೆಯಲಾರದ ವರ್ಷಗಳ ಲೆಕ್ಕ ಅವರ ನೆನಪಿನಲ್ಲಿದೆ.

ಕೊನೆಯದಾಗಿ, ಹೊರಟ ಗುರುತು, ರೇಖೆಯ ದಿಕ್ಕು, ದಿನಾಂಕ, ವೇಳೆ ಇವಿಷ್ಟನ್ನೂ ಶಾಲೆಯ ಪುಸ್ತಕದಲ್ಲಿ ದಾಖಲಿಸಬೇಕು. ಮುಂದಿನ ವರ್ಷದ ವಿದ್ಯಾರ್ಥಿಗಳು ಅದೇ ಸ್ಥಳದಿಂದ ಅಳೆಯಲು ಸಾಧ್ಯವಾದಾಗಲೇ ನಮ್ಮ ಅಳತೆಗೆ ಬೆಲೆ ಬರುವುದು.