ಯಂತ್ರಕ್ಕೊಂದು ಕಣ್ಣು

ಎತ್ತು ಕಟ್ಟಿ ಕಪಿಲೆಯಿಂದ ಬಾವಿಯ ನೀರೆತ್ತುತ್ತಿದ್ದುದನ್ನು ಮನೆಯ ಹಿರಿಯರು ನೋಡಿರಬಹುದು. ಮಕ್ಕಳೇ, ಒಮ್ಮೆ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಎತ್ತುಗಳು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಇಳಿಯುತ್ತಿದ್ದವು. ಚರ್ಮದ ಚೀಲ ಮೇಲೆ ಬಂದು ನೀರು ಸುರಿದಾಗ ನಿಲ್ಲುತ್ತಿದ್ದವು. ಇನ್ನೂ ನಾಲ್ಕು ಹೆಜ್ಜೆ ಎಳೆದರೆ ಹಗ್ಗ ಹರಿದೀತು ಎಂಬುದು ಹೊಡೆಯುವವನಿಗೂ ಗೊತ್ತು, ಪಳಗಿದ ಎತ್ತಿಗೂ ಗೊತ್ತು. ಮೋಟಾರಿಗೆ ಮಾತ್ರ ಗೊತ್ತಿಲ್ಲ. ಕರೆಂಟು ಇರುವ ತನಕ ಅದು ಎಳೆಯುತ್ತಲೇ ಇರುತ್ತದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆಯಲ್ಲ, ಅಂಥ ಆಳ ಗಣಿಗಳಲ್ಲಿ ಕಾರ್ಮಿಕರು ಪಂಜರದಂಥ ಲಿಫ್ಟಿನಲ್ಲಿ ಭೂಮಿಯೊಳಗೆ ಇಳಿಯುತ್ತಾರೆ. ಮೇಲೆ ಬರುವ ಲಿಫ್ಟು ನಿಲ್ಲದೆ ಗೋಪುರದ ರಾಟೆಗೆ ಹೋಗಿ ಬಡಿದರೆ ದೊಡ್ಡ ಅನಾಹುತ. ಅದಕ್ಕೇ ಲಿಫ್ಟು ಗಡಿ ದಾಟಿದ ಕೂಡಲೇ ಮೋಟಾರು ನಿಲ್ಲಿಸಿ ಬ್ರೇಕು ಹಾಕುವ ಏರ್ಪಾಡು ಇರುತ್ತದೆ. ಗಡಿ ಕಾಯುವ ಆ ಕೆಲಸ ಲಿಮಿಟ್ ಸ್ವಿಚ್ಚಿನದು.

ಮನೆಯಲ್ಲಿ ಮಾಡುವ ಪುಟ್ಟ ಯಂತ್ರಕ್ಕೂ ಇದು ಬೇಕು. ಕಾಗದದ ಮೇಲೆ ಪೆನ್ನಿನಿಂದ ಬರೆಯುವ ಯಂತ್ರವನ್ನೇ ತೆಗೆದುಕೊಳ್ಳಿ. ಒಂದು ಮೋಟಾರು ಪೆನ್ನನ್ನು ಎಡಬಲಕ್ಕೆ ಒಯ್ಯುತ್ತದೆ, ಇನ್ನೊಂದು ಹಿಂದೆ ಮುಂದೆ. ಇವು ಹೆಜ್ಜೆ ಎಣಿಸಿ ತಿರುಗುವ ಸ್ಟೆಪ್ಪರ್ ಮೋಟಾರುಗಳು. ಸಾಮಾನ್ಯವಾಗಿ 200 ಹೆಜ್ಜೆಗೆ ಒಂದು ಸುತ್ತು. ಒಂದು ಸುತ್ತಿಗೆ ಬೆಲ್ಟು 40 ಮಿಲಿಮೀಟರ್ ಸರಿದರೆ, ಒಂದು ಹೆಜ್ಜೆಗೆ 0.2 ಮಿಲಿಮೀಟರ್. ಎಷ್ಟು ಹೆಜ್ಜೆ ಇಟ್ಟೆ ಎಂಬ ಲೆಕ್ಕ ಯಂತ್ರಕ್ಕೆ ಇರುತ್ತದೆ. ಎಲ್ಲಿಂದ ಹೊರಟೆ ಎಂಬುದೇ ಇರುವುದಿಲ್ಲ.

ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಬಂಡೆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆಯೆಂದು ನೀವು ಓದಿರಬಹುದು. ಅದರ ಬ್ರಾಹ್ಮಿ ಅಕ್ಷರಗಳನ್ನು ನಿಮ್ಮ ಯಂತ್ರದಿಂದ ಬರೆಸುತ್ತೀರಿ ಎನ್ನೋಣ. ಒಂದು ಸಾಲು ಬರೆದಾಗ ಕರೆಂಟು ಹೋಯಿತು. ಮತ್ತೆ ಬಂದಾಗ ಪೆನ್ನು ಎಲ್ಲಿ ನಿಂತಿದೆಯೋ ಅದನ್ನೇ ಸೊನ್ನೆ ಎಂದು ಯಂತ್ರ ತಿಳಿಯುತ್ತದೆ. ಮುಂದಿನ ಸಾಲು ಎಲ್ಲೋ ಬೀಳುತ್ತದೆ, ಇಲ್ಲವೇ ಪೆನ್ನು ಚೌಕಟ್ಟಿಗೆ ಗುದ್ದುತ್ತದೆ. ಹಾಗಾಗಬಾರದೆಂದರೆ ಯಂತ್ರ ಮೊದಲು ಮೆಲ್ಲಗೆ ಗಡಿಯವರೆಗೆ ಹೋಗಿ, ಸ್ವಿಚ್ ಕಂಡಲ್ಲಿ ನಿಂತು, ಅಲ್ಲಿಂದ ಲೆಕ್ಕ ಶುರು ಮಾಡಬೇಕು.

ಬೆಳಕಿನಿಂದ ಕೆಲಸ ಮಾಡುವ ಸ್ವಿಚ್ಚಿಗೆ ಮುಟ್ಟುವ ಅಗತ್ಯವಿಲ್ಲ, ಹಾಗಾಗಿ ಸವೆತವೂ ಇಲ್ಲ. ಹಾಳಾದ ಪ್ರಿಂಟರಿನೊಳಗೆ ಇಂಗ್ಲಿಷಿನ ‘ಯು’ ಅಕ್ಷರದಂಥ ಪುಟ್ಟ ಕಪ್ಪು ಬಿಡಿಭಾಗ ಸಿಗುತ್ತದೆ. ಅದರ ಒಂದು ಕಾಲಿನಲ್ಲಿ ಎಲ್‌ಇಡಿ ಇದೆ. ಟಿವಿ ರಿಮೋಟಿನದರಂತೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಅದರದು. ಎದುರಿನ ಕಾಲಿನಲ್ಲಿ ಆ ಬೆಳಕನ್ನು ನೋಡುವ ಫೋಟೊ ಟ್ರಾನ್ಸಿಸ್ಟರ್ ಇದೆ. ಚಲಿಸುವ ಭಾಗಕ್ಕೆ ಹಳೆ ಡಬ್ಬಿಯ ತಗಡಿನ ಪಟ್ಟಿ ಅಂಟಿಸಿ. ಗಡಿಗೆ ಬಂದಾಗ ಅದು ಎರಡು ಕಾಲುಗಳ ನಡುವೆ ತೂರಿ ಬೆಳಕನ್ನು ತಡೆಯಬೇಕು.

ಇದನ್ನು ಕೂರಿಸುವ ಬೋರ್ಡಿಗೆ ಹೆಚ್ಚೇನೂ ಬೇಡ. 5 ವೋಲ್ಟಿನಿಂದ 220 ಓಮ್ ರೆಸಿಸ್ಟರ್ ಮೂಲಕ ಎಲ್‌ಇಡಿಗೆ ವಿದ್ಯುತ್ ಕೊಡಿ. ಎಲ್‌ಇಡಿಯಲ್ಲಿ ಸುಮಾರು 1.2 ವೋಲ್ಟ್ ಕಳೆದರೆ ಉಳಿದದ್ದು 3.8. ಅದನ್ನು 220ರಿಂದ ಭಾಗಿಸಿದರೆ ಸುಮಾರು 17 ಮಿಲಿಆಂಪಿಯರ್, ಸಾಕಷ್ಟಾಯಿತು. ಟ್ರಾನ್ಸಿಸ್ಟರಿನ ಒಂದು ಕಾಲು ಗ್ರೌಂಡಿಗೆ, ಇನ್ನೊಂದರಿಂದ ಸಿಗ್ನಲ್ ತಂತಿ ಯಂತ್ರದ ಕಂಟ್ರೋಲರಿಗೆ. ಆ ತಂತಿಯನ್ನು ಕಂಟ್ರೋಲರ್ ತುದಿಯಲ್ಲಿ 10,000 ಓಮ್ ರೆಸಿಸ್ಟರಿನಿಂದ 5 ವೋಲ್ಟಿಗೆ ಜೋಡಿಸಿ. ಕಂಟ್ರೋಲರ್ 3.3 ವೋಲ್ಟಿನದಾದರೆ 3.3ಕ್ಕೇ ಜೋಡಿಸಬೇಕು.

ಬೆಳಕು ಬೀಳುತ್ತಿದ್ದರೆ ಸಿಗ್ನಲ್ ಸೊನ್ನೆಯ ಹತ್ತಿರ: ‘ದಾರಿ ಖಾಲಿ, ಹೋಗು’. ಬೆಳಕು ನಿಂತರೆ ಸಿಗ್ನಲ್ ಮೇಲೇರುತ್ತದೆ: ‘ನಿಲ್ಲು’. ಇದನ್ನು ತಿರುವುಮುರುವು ಮಾಡಬಾರದು. ಏಕೆಂದರೆ ಎಲ್‌ಇಡಿ ಸುಟ್ಟರೂ ಕತ್ತಲೆ, ಬೋರ್ಡಿಗೆ ವಿದ್ಯುತ್ ಬರದಿದ್ದರೂ ಕತ್ತಲೆ. ಇಲಿ ಸಿಗ್ನಲ್ ತಂತಿ ಕಡಿದರೂ ಕಂಟ್ರೋಲರ್ ತುದಿಯ ರೆಸಿಸ್ಟರ್ ‘ನಿಲ್ಲು’ ಎಂದೇ ಹೇಳುತ್ತದೆ. ಕಾವಲುಗಾರನಿಗೆ ಹುಷಾರಿಲ್ಲದಿದ್ದರೆ ಬಾಗಿಲು ಮುಚ್ಚಿರಬೇಕೇ ಹೊರತು ತೆರೆದಿರಬಾರದು.

ದೂಳು ಮತ್ತು ಬಿಸಿಲು ಎರಡೂ ಇದಕ್ಕೆ ತೊಂದರೆ ಕೊಡುತ್ತವೆ, ಆದರೆ ಒಂದೇ ರೀತಿ ಅಲ್ಲ. ಸಿಂಧನೂರಿನ ಅಕ್ಕಿ ಗಿರಣಿಯ ಹತ್ತಿರ ಮನೆಯಿದ್ದರೆ ಹೊಟ್ಟಿನ ದೂಳು ಕಿಂಡಿ ಮುಚ್ಚಬಹುದು. ಆಗ ಯಂತ್ರ ಸುಮ್ಮನೆ ನಿಲ್ಲುತ್ತದೆ. ಬ್ರಷ್‌ನಿಂದ ಒರೆಸಿದರಾಯಿತು. ಬಿಸಿಲಿನಲ್ಲೂ ಇನ್ಫ್ರಾರೆಡ್ ಇದೆ. ಅದು ಪಕ್ಕದಿಂದ ನುಗ್ಗಿದರೆ ತಗಡು ಅಡ್ಡ ಬಂದರೂ ಟ್ರಾನ್ಸಿಸ್ಟರಿಗೆ ಬೆಳಕೇ ಕಾಣುತ್ತದೆ, ಯಂತ್ರ ನಿಲ್ಲುವುದೇ ಇಲ್ಲ. ಹಾಗಾಗಿ ಕಿಟಕಿಯಿಂದ ದೂರವಿಡಿ, ಬೋರ್ಡಿನ ಸುತ್ತ ತಗಡಿನ ಮರೆ ಕಟ್ಟಿ.

ಬೆಸುಗೆ ಹಾಕುವಾಗ ದೊಡ್ಡವರು ಜೊತೆಗಿರಲಿ. ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕು, ಗೋಡೆಯ ಕರೆಂಟಿಗೆ ತಂತಿ ಹಚ್ಚಬೇಡಿ.

ಎಲ್ಲ ಮುಗಿದ ಮೇಲೂ ಪೆನ್ನು ಸಿಕ್ಕಿಸಬೇಡಿ. ಮೊದಲು ಮೋಟಾರು ತಿರುಗುತ್ತಿರುವಾಗ ಕಿಂಡಿಗೆ ದಪ್ಪ ರಟ್ಟಿನ ತುಂಡು ಹಿಡಿಯಿರಿ. ನಿಲ್ಲಬೇಕು. ಸಿಗ್ನಲ್ ತಂತಿ ಗ್ರೌಂಡಿಗೆ ತಾಗಿದ್ದರೆ ನಿಲ್ಲುವುದಿಲ್ಲ, ಆ ದೋಷ ಇಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಸಿಗ್ನಲ್ ತಂತಿಯನ್ನು ಅಜ್ಜನ ಕೈಯಿಂದ ಕಂಟ್ರೋಲರಿನಿಂದ ಕೀಳಿಸಿ. ಆಗಲೂ ನಿಲ್ಲಬೇಕು. ಎರಡರಲ್ಲೂ ನಿಂತರೆ ಪೆನ್ನು ಸಿಕ್ಕಿಸಿ, ಮೊದಲ ಅಕ್ಷರ ಬರೆಸಿ.